ಗೇಟೂ ಇಲ್ಲ, ಸ್ಟೇಷನ್ ಮಾಸ್ತರರೂ ಇಲ್ಲ: ಜಪಾನಿನ ಮುಜಿನ್-ಎಕಿಯಲ್ಲಿ ರೈಲು ಹತ್ತಿ ಇಳಿಯುವ ಕ್ರಮ

ಮುಜಿನ್-ಎಕಿ ಎಂದರೆ ಆಳಿಲ್ಲದ ನಿಲ್ದಾಣ. ಟಿಕೆಟ್ ಕಿಟಕಿಯ ಹಿಂದೆ ಯಾರೂ ಇರುವುದಿಲ್ಲ, ಎಷ್ಟೋ ಕಡೆ ಕಿಟಕಿಯೇ ಇರುವುದಿಲ್ಲ. ಜಪಾನಿನ ಒಂಬತ್ತು ಸಾವಿರಕ್ಕೂ ಮೀರಿದ ನಿಲ್ದಾಣಗಳ ಪೈಕಿ ಹೆಚ್ಚುಕಡಿಮೆ ಅರ್ಧ ಇಂಥವೇ. ಬರೀ ಹಳ್ಳಿಗಾಡಿನಲ್ಲಿ ಎಂದುಕೊಳ್ಳಬೇಡಿ. ಟೋಕಿಯೊದಿಂದ ಅರ್ಧ ಗಂಟೆ ದೂರದ ಯೊಕೊಹಾಮಾ, ಕವಾಸಾಕಿ ಹೊರವಲಯದಲ್ಲೂ ಇವು ಸಾಲುಗಟ್ಟಿವೆ.

ದೊಡ್ಡ ನಿಲ್ದಾಣದಲ್ಲಿ ನಿಮ್ಮ ಪ್ರಯಾಣದ ಕಾರ್ಡನ್ನು (ಮೊದಲೇ ದುಡ್ಡು ತುಂಬಿಸಿ, ಹತ್ತುವಾಗ ಇಳಿಯುವಾಗ ಯಂತ್ರಕ್ಕೆ ತಾಗಿಸುವ ಕಾರ್ಡ್) ಯಂತ್ರ ಸರಿಯಾಗಿ ಓದದಿದ್ದರೆ ಗೇಟಿನ ರೆಕ್ಕೆ ಮುಚ್ಚಿಕೊಂಡು ನಿಮ್ಮನ್ನು ಅಲ್ಲೇ ನಿಲ್ಲಿಸುತ್ತದೆ, ಪಕ್ಕದ ಕಿಟಕಿಯವರು ಸರಿಮಾಡಿ ಕಳಿಸುತ್ತಾರೆ. ಮುಜಿನ್-ಎಕಿಯಲ್ಲಿ ಆ ರೆಕ್ಕೆ ಇಲ್ಲ. ತಪ್ಪು ಮಾಡಿದರೂ ಸಲೀಸಾಗಿ ದಾಟಿ ಹೋಗುತ್ತೀರಿ. ಆ ತಪ್ಪು ಹೊರಬೀಳುವುದು ಆಮೇಲೆ, ಎಲ್ಲೋ ಬೇರೆ ಊರಿನ ಗೇಟಿನಲ್ಲಿ, ನೀವು ಅವಸರದಲ್ಲಿರುವಾಗ. ಕೆಳಗಿನ ಕ್ರಮವನ್ನೆಲ್ಲ ಈ ಒಂದು ಸಂಗತಿಯನ್ನು ತಲೆಯಲ್ಲಿಟ್ಟುಕೊಂಡು ಓದಿ.

ಹೊರಡುವ ಮುನ್ನ

1. ಕಾರ್ಡಿಗೆ ದುಡ್ಡು ಹಾಕಿಕೊಳ್ಳಿ. ಸುಯಿಕಾ, ಪಾಸ್ಮೋ, ಇಕೋಕಾ ಇತ್ಯಾದಿ ಹತ್ತು ಕಾರ್ಡುಗಳು 2013ರ ಮಾರ್ಚ್‌ನಿಂದ ಒಂದರ ಪ್ರದೇಶದಲ್ಲಿ ಇನ್ನೊಂದು ನಡೆಯುತ್ತವೆ. ಒಂದು ಕಾರ್ಡಿನಲ್ಲಿ ಗರಿಷ್ಠ 20,000 ಯೆನ್ ಇಡಬಹುದು. ಮುಜಿನ್-ಎಕಿಯ ಕಂಬದಂಥ ಪುಟ್ಟ ಯಂತ್ರ ಕಾರ್ಡನ್ನು ಓದುತ್ತದೆ ಅಷ್ಟೇ, ಅದರಲ್ಲಿ ದುಡ್ಡು ತುಂಬಲು ಬರುವುದಿಲ್ಲ. ಬಾಕಿ ಕಡಿಮೆ ಎನಿಸಿದರೆ ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಯಾವುದಾದರೂ ಅಂಗಡಿಯ ಕೌಂಟರಿನಲ್ಲಿ ನಗದು ಕೊಟ್ಟು ತುಂಬಿಸಿಕೊಳ್ಳಿ. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಮೊಬೈಲ್ ಸುಯಿಕಾ, ಎಂದರೆ ಫೋನನ್ನೇ ಕಾರ್ಡಿನಂತೆ ತಾಗಿಸುವ ಸೌಲಭ್ಯ, ಸಾಮಾನ್ಯವಾಗಿ ನಡೆಯುವುದಿಲ್ಲ, ಅದಕ್ಕೆ ಬೇಕಾದ ವ್ಯವಸ್ಥೆಯನ್ನು ಜಪಾನಿನಲ್ಲಿ ಮಾರುವ ಮಾದರಿಗಳಿಗೆ ಮಾತ್ರ ಕೊಟ್ಟಿರುತ್ತಾರೆ. ಐಫೋನ್ 8 ಮತ್ತು ಆಮೇಲಿನವು ಎಲ್ಲಿ ಕೊಂಡರೂ ಸರಿ.

2. ಚಿಲ್ಲರೆ ಇಟ್ಟುಕೊಳ್ಳಿ. 1,000 ಯೆನ್ ನೋಟು ಮೂರು-ನಾಲ್ಕು, 100 ಮತ್ತು 10ರ ನಾಣ್ಯ ಒಂದು ಹಿಡಿ. ರೈಲಿನೊಳಗಿನ ಚಿಲ್ಲರೆ ಯಂತ್ರಗಳಲ್ಲಿ ಹೆಚ್ಚಿನವು 1,000ದ ನೋಟನ್ನಷ್ಟೇ ಒಪ್ಪುತ್ತವೆ. 10,000ದ ನೋಟು ಹಿಡಿದು ಚಾಲಕನ ಮುಂದೆ ನಿಂತರೆ ಇಬ್ಬರಿಗೂ ಕಷ್ಟ, ಹಿಂದೆ ನಿಂತ ಜನಕ್ಕೂ.

3. ಹೋಗುವ ನಿಲ್ದಾಣ ಕಾರ್ಡ್ ಪ್ರದೇಶದೊಳಗೆ ಇದೆಯೇ ನೋಡಿ. ಎರಡು ಪ್ರದೇಶಗಳಲ್ಲೂ ಕಾರ್ಡ್ ನಡೆಯುತ್ತದೆ ಎಂದ ಮಾತ್ರಕ್ಕೆ ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಬಹುದು ಎಂದರ್ಥವಲ್ಲ. ಟೋಕಿಯೊ ಕಡೆಯ ಸುಯಿಕಾ ಪ್ರದೇಶಕ್ಕೂ ನಗೋಯಾ ಕಡೆಯ ತೋಯಿಕಾ ಪ್ರದೇಶಕ್ಕೂ ಅತಾಮಿ ಗಡಿ. ಟೋಕಿಯೊದಲ್ಲಿ ಕಾರ್ಡ್ ತಾಗಿಸಿ ಅತಾಮಿ ದಾಟಿದ ಯಾವುದೋ ಮುಜಿನ್-ಎಕಿಯಲ್ಲಿ ಇಳಿದರೆ ಯಂತ್ರ ನಿಮ್ಮ ಕಾರ್ಡನ್ನು ಒಪ್ಪುವುದಿಲ್ಲ. ಗಡಿ ದಾಟುವ ಪ್ರಯಾಣಕ್ಕೆ ಮೊದಲೇ ಕಾಗದದ ಟಿಕೆಟ್ ತೆಗೆದುಕೊಳ್ಳಿ.

4. ವಾಪಸು ರೈಲಿನ ಸಮಯ ಬರೆದಿಟ್ಟುಕೊಳ್ಳಿ. ಟಿಕೆಟ್ಟಿಗಿಂತ ಹೆಚ್ಚು ಜನ ಎಡವುವುದು ಇಲ್ಲಿ. ನಿಲ್ದಾಣದ ವೇಳಾಪಟ್ಟಿಯಲ್ಲಿ ಎಡಗಡೆ ಗಂಟೆ, ಬಲಗಡೆ ಸಾಲಾಗಿ ನಿಮಿಷಗಳು. ವಾರದ ದಿನಕ್ಕೆ ಒಂದು ಪಟ್ಟಿ, ಶನಿವಾರ-ಭಾನುವಾರ-ರಜಾದಿನಕ್ಕೆ ಇನ್ನೊಂದು. ಜಪಾನಿನ ಸರ್ಕಾರಿ ರಜೆ ಬುಧವಾರ ಬಿದ್ದರೂ ಆ ದಿನ ಭಾನುವಾರದ ಪಟ್ಟಿಯೇ ನಡೆಯುವುದು. ನಿಮಿಷದ ಅಂಕೆಯ ತಲೆಯ ಮೇಲೆ ಒಂದು ಪುಟ್ಟ ಅಕ್ಷರ ಇದ್ದರೆ ಆ ರೈಲು ಬೇರೆ ಊರಿಗೆ ಹೋಗುತ್ತದೆ ಎಂದು ತಿಳಿಯಿರಿ. ಯಾವ ಅಕ್ಷರಕ್ಕೆ ಯಾವ ಊರು ಎಂಬುದು ಪಟ್ಟಿಯ ಅಡಿಯಲ್ಲಿರುತ್ತದೆ. ಫೋನಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಂಡರೆ ಸಾಕು.

ಶೌಚಾಲಯಕ್ಕೆ ಸಿಬ್ಬಂದಿ ಇರುವ ನಿಲ್ದಾಣದಲ್ಲೇ ಹೋಗಿಬನ್ನಿ. ಸಾಮಾನು ಇಡುವ ಲಾಕರು, ಕಸದ ಬುಟ್ಟಿ ಮುಂದೆ ಸಿಗುತ್ತವೆ ಎಂದು ನೆಚ್ಚಿಕೊಳ್ಳಬೇಡಿ.

ಒಳಗೆ ಹೋಗುವಾಗ

ಮುಜಿನ್-ಎಕಿಯ ಬಾಗಿಲಲ್ಲಿ ಸೊಂಟದೆತ್ತರದ ಎರಡು ಕಂಬ ಕಾಣುತ್ತವೆ. ಒಂದು ಒಳಬರುವವರಿಗೆ, ಇನ್ನೊಂದು ಹೊರಹೋಗುವವರಿಗೆ. ನ್ಯೂಜೋ ಎಂದರೆ ಒಳಗೆ, ಶುತ್ಸುಜೋ ಎಂದರೆ ಹೊರಗೆ. ಜಪಾನಿ ಓದಲು ಬಾರದವರು ಮೊದಲ ಅಕ್ಷರದ ಆಕಾರ ನೆನಪಿಟ್ಟುಕೊಂಡರೆ ಸಾಕು. ಒಳಗೆ ಎಂಬುದರ ಅಕ್ಷರ ಎರಡೇ ಗೀರು, ಕಾಲು ಅಗಲಿಸಿ ನಿಂತ ಮನುಷ್ಯನಂತೆ, ಅಥವಾ ಗುಡಾರದಂತೆ. ಹೊರಗೆ ಎಂಬುದರ ಅಕ್ಷರ ಒಂದರ ಮೇಲೊಂದು ಇಟ್ಟ ಎರಡು ತ್ರಿಶೂಲದಂತೆ. ಗುಡಾರದೊಳಕ್ಕೆ ಹೋಗುವುದು, ತ್ರಿಶೂಲ ನೋಡಿ ಹೊರಬರುವುದು. ಕೆಲವು ಕಡೆ ಎರಡೂ ಕಂಬ ಒಂದೇ ಮಗ್ಗುಲಲ್ಲಿ ನಿಂತಿರುತ್ತವೆ, ಕತ್ತಲಾದ ಮೇಲೆ ಗೊಂದಲವಾಗುವುದು ಸಹಜ.

ಕಾರ್ಡನ್ನು ಯಂತ್ರದ ಮೇಲೆ ಒಂದು ಸೆಕೆಂಡು ಪೂರ್ತಿ ಒತ್ತಿ ಹಿಡಿಯಿರಿ. ನಡೆದುಕೊಂಡೇ ಸವರಿದರೆ ಎಷ್ಟೋ ಸಲ ಓದಿರುವುದಿಲ್ಲ, ತಡೆಯುವ ರೆಕ್ಕೆ ಇಲ್ಲದ ಕಾರಣ ನಿಮಗೆ ಗೊತ್ತೂ ಆಗುವುದಿಲ್ಲ. ಪಿಪ್ ಸದ್ದು ಕೇಳಿ, ಪುಟ್ಟ ಪರದೆಯಲ್ಲಿ ಬಾಕಿ ಮೊತ್ತ ಕಂಡ ಮೇಲೇ ಹೆಜ್ಜೆ ಮುಂದಿಡಿ. ಪರ್ಸಿನಲ್ಲಿ ಎರಡು ಕಾರ್ಡುಗಳಿದ್ದರೆ ಬೇಕಾದ್ದನ್ನು ಹೊರಗೆ ತೆಗೆದು ತಾಗಿಸಿ. ಹೋಗುವಾಗ ಒಂದು, ಬರುವಾಗ ಇನ್ನೊಂದು ಕಾರ್ಡನ್ನು ಯಂತ್ರ ಓದಿತೆಂದರೆ ಎರಡೂ ಕೆಟ್ಟಂತೆ.

ಕಾರ್ಡ್ ಇಲ್ಲದವರು ಟಿಕೆಟ್ ಯಂತ್ರ ಹುಡುಕಿ. ಅದೂ ಇಲ್ಲದಿದ್ದರೆ ಗೋಡೆಗೆ ಅಂಟಿಸಿದ ಒಂದು ಸಣ್ಣ ಡಬ್ಬಿ ಇರಬಹುದು, ಒಂದೇ ಗುಂಡಿಯದು. ಒತ್ತಿದರೆ ಚೀಟಿ ಬರುತ್ತದೆ, ಹೆಸರು ಜೋಶಾ-ಎಕಿ ಶೋಮೆಯಿಶೊ, ಎಂದರೆ ಹತ್ತಿದ ನಿಲ್ದಾಣದ ದಾಖಲೆ. ಇದು ಟಿಕೆಟ್ ಅಲ್ಲ. ನೀವು ಎಲ್ಲಿಂದ ಬಂದಿರಿ ಎಂಬುದಕ್ಕೆ ಪುರಾವೆ ಮಾತ್ರ. ಇಳಿಯುವ ಕಡೆ ಕಿಟಕಿಯಲ್ಲಿ ಅಥವಾ ರೈಲಿನಲ್ಲೇ ಚಾಲಕನಿಗೆ ತೋರಿಸಿ ಹಣ ಕೊಡಬೇಕು. ಟಿಕೆಟ್ಟಾಗಲಿ ಚೀಟಿಯಾಗಲಿ ಕಾರ್ಡಿನ ದಾಖಲೆಯಾಗಲಿ ಇಲ್ಲದೆ ಸಿಕ್ಕಿಬಿದ್ದರೆ ದರದ ಜೊತೆಗೆ ಅದರ ಎರಡು ಪಟ್ಟು ದಂಡ, ಒಟ್ಟು ಮೂರು ಪಟ್ಟು. ನಮ್ಮ ಹಾಲ್ಟ್ ಸ್ಟೇಷನ್ನುಗಳಲ್ಲಿ ಕಮಿಷನ್ ಏಜೆಂಟರೊಬ್ಬರು ಕೂತು ಟಿಕೆಟ್ ಮಾರುತ್ತಾರಲ್ಲ, ಅಂಥ ವ್ಯವಸ್ಥೆಯನ್ನು ಇಲ್ಲಿ ನಿರೀಕ್ಷಿಸಬೇಡಿ.

ಪ್ಲಾಟ್‌ಫಾರಂ ಮೇಲೆ

ಹಳದಿ ಉಬ್ಬುಪಟ್ಟಿಯ ಒಳಗಡೆ ನಿಲ್ಲಿ. ಅಂಧರಿಗಾಗಿ ರೂಪಿಸಿದ ಈ ಪಟ್ಟಿಯನ್ನು ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮಾದ ಒಂದು ರಸ್ತೆಯಲ್ಲಿ. ಸೂಕ್ಷ್ಮವಾಗಿ ನೋಡಿದರೆ ಚುಕ್ಕೆಗಳ ಸಾಲಿನ ಒಂದು ಮಗ್ಗುಲಲ್ಲಿ ಮಾತ್ರ ಉದ್ದನೆಯ ಒಂದು ಉಬ್ಬುಗೆರೆ ಕಾಣುತ್ತದೆ. ಗೆರೆ ಇರುವ ಕಡೆ ಪ್ಲಾಟ್‌ಫಾರಂ, ಇಲ್ಲದ ಕಡೆ ಹಳಿ. ಕಿರಿದಾದ ಪ್ಲಾಟ್‌ಫಾರಂ ಮೇಲೆ ಕಣ್ಣಿದ್ದವರಿಗೂ ಇದು ಉಪಯೋಗಕ್ಕೆ ಬರುವ ತಿಳಿವಳಿಕೆ.

ಘೋಷಣೆಯಲ್ಲಿ ಎರಡು ಪದ ಹಿಡಿದುಕೊಳ್ಳಿ. ಮಾಯಿರಿಮಾಸು ಎಂದರೆ ರೈಲು ಬರುತ್ತಿದೆ. ತ್ಸೂಕಾ ಎಂದರೆ ನಿಲ್ಲದೆ ಹಾದುಹೋಗುತ್ತದೆ. ಉಪನಗರ ಮಾರ್ಗಗಳ ಚಿಕ್ಕ ನಿಲ್ದಾಣಗಳಲ್ಲಿ ವೇಗದ ರೈಲು ಒಂದಿಷ್ಟೂ ನಿಧಾನಿಸದೆ ನುಗ್ಗುತ್ತದೆ. ತ್ಸೂಕಾ ಕೇಳಿದೊಡನೆ ಮಕ್ಕಳ ಕೈ ಹಿಡಿದುಕೊಳ್ಳಿ, ಕೊಡೆ ಮಡಿಸಿ.

ಫೋನು, ಟೋಪಿ ಹಳಿಗೆ ಬಿದ್ದರೆ ಇಳಿಯಬೇಡಿ. ಇಂಟರ್‌ಕಾಮ್ ಗುಂಡಿ ಒತ್ತಿ ಹೇಳಿದರೆ ಸಿಬ್ಬಂದಿ ಬಂದು ಉದ್ದನೆಯ ಚಿಮಟಿಗೆಯಿಂದ ಎತ್ತಿಕೊಡುತ್ತಾರೆ, ತಡವಾಗಬಹುದು ಅಷ್ಟೆ. ಮನುಷ್ಯರೇ ಬಿದ್ದರೆ ಮಾತ್ರ ಕಂಬದ ಮೇಲಿನ ಕೆಂಪು ತುರ್ತು ಗುಂಡಿಯನ್ನು ಹಿಂದೆಮುಂದೆ ನೋಡದೆ ಒತ್ತಿ.

ರೈಲು ನಿಂತಿತು, ಬಾಗಿಲು ತೆರೆಯಲಿಲ್ಲ ಎಂದು ಗಾಬರಿಯಾಗಬೇಡಿ. ಬಾಗಿಲ ಪಕ್ಕದ ಗುಂಡಿಯ ದೀಪ ಹತ್ತಿದ ಮೇಲೆ ಒತ್ತಿದರೆ ತೆರೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಒಳಗೆ ಹೋದವರು ಒಳಗಿನ ಮುಚ್ಚುವ ಗುಂಡಿಯನ್ನೂ ಒತ್ತುವುದು ಅಲ್ಲಿಯ ರೂಢಿ.

ವಾನ್‌ಮನ್ ರೈಲು ಬಂದರೆ

ಕಂಡಕ್ಟರ್ ಇಲ್ಲದೆ ಚಾಲಕ ಒಬ್ಬರೇ ನಡೆಸುವ ರೈಲಿಗೆ ವಾನ್‌ಮನ್ ಎನ್ನುತ್ತಾರೆ, ಹಣೆಯ ಮೇಲೆ ಹಾಗೆ ಬರೆದಿರುತ್ತದೆ. ಇವುಗಳಲ್ಲಿ ಎರಡು ಬಗೆ. ನಗರದ ಬಗೆಯಲ್ಲಿ ಎಲ್ಲ ಬಾಗಿಲೂ ತೆರೆಯುತ್ತವೆ, ಲೆಕ್ಕವೆಲ್ಲ ನಿಲ್ದಾಣದ ಕಂಬದಲ್ಲೇ. ಇನ್ನೊಂದು ಬಗೆ ನಮ್ಮೂರಿನ ಸಿಟಿ ಬಸ್ಸಿನಂತೆ, ಆದರೆ ದುಡ್ಡು ಕೊಡುವುದು ಇಳಿಯುವಾಗ. ಅದರ ಕ್ರಮ ಹೀಗೆ:

1. ಮೊದಲ ಬೋಗಿಯ ಹಿಂಬಾಗಿಲಿನ ಎದುರು ನಿಲ್ಲಿ. ಪ್ಲಾಟ್‌ಫಾರಂ ಮೇಲೆ ಗುರುತಿನ ಫಲಕ ಇರುತ್ತದೆ. ಮುಜಿನ್-ಎಕಿಯಲ್ಲಿ ಎರಡನೇ ಬೋಗಿಯ ಬಾಗಿಲು ಸಾಮಾನ್ಯವಾಗಿ ತೆರೆಯುವುದೇ ಇಲ್ಲ; ಅಲ್ಲಿ ನಿಂತವರು ಕೊನೇ ಗಳಿಗೆಯಲ್ಲಿ ಓಡಬೇಕಾಗುತ್ತದೆ.

2. ಹತ್ತಿದ ಕೂಡಲೇ ಬಾಗಿಲ ಬಳಿಯ ಯಂತ್ರದಿಂದ ಸೆಯಿರಿಕೆನ್ ಎಂಬ ಪುಟ್ಟ ಚೀಟಿ ಎಳೆದುಕೊಳ್ಳಿ. ಅದರ ಮೇಲೊಂದು ಅಂಕೆ ಇರುತ್ತದೆ. ರೈಲಿನಲ್ಲೇ ಕಾರ್ಡ್ ಓದುವ ಯಂತ್ರ ಇದ್ದರೆ ಚೀಟಿಯ ಬದಲು ಕಾರ್ಡ್ ತಾಗಿಸಿ.

3. ಚಾಲಕನ ತಲೆಯ ಮೇಲಿನ ಫಲಕದಲ್ಲಿ ನಿಮ್ಮ ಅಂಕೆಯ ಕೆಳಗೆ ದರ ಕಾಣುತ್ತದೆ. ಪ್ರತಿ ನಿಲ್ದಾಣಕ್ಕೂ ಅದು ಏರುತ್ತಾ ಹೋಗುತ್ತದೆ, ಇಳಿಯುವ ನಿಲ್ದಾಣದ ಹೆಸರು ಬಂದಾಗ ಇದ್ದ ಮೊತ್ತವೇ ನಿಮ್ಮದು.

4. ಚಿಲ್ಲರೆ ಇಲ್ಲದಿದ್ದರೆ ರೈಲು ಯಾವುದಾದರೂ ನಿಲ್ದಾಣದಲ್ಲಿ ನಿಂತಿರುವಾಗ ಮುಂಚಿತವಾಗಿ ಮಾಡಿಸಿಕೊಳ್ಳಿ. ಇಲ್ಲೊಂದು ಮೋಸದ ಜಾಗ ಇದೆ. ದರ ಹಾಕುವ ಪೆಟ್ಟಿಗೆಯಲ್ಲೇ ಚಿಲ್ಲರೆ ಕೊಡುವ ಯಂತ್ರವೂ ಸೇರಿಕೊಂಡಿರುತ್ತದೆ, ಆದರೆ ಕಿಂಡಿ ಬೇರೆ. ನೋಟು ಹಾಕಿದರೆ ಅಷ್ಟೇ ಮೊತ್ತದ ನಾಣ್ಯ ಕೆಳಗೆ ಬೀಳುತ್ತದೆ, ದರ ಕಳೆದು ಉಳಿದದ್ದಲ್ಲ. 1,000 ಹಾಕಿ ಬಿದ್ದ ನಾಣ್ಯ ಜೇಬಿಗಿಳಿಸಿ ಇಳಿಯಹೊರಟ ಪರದೇಶಿಗಳನ್ನು ಚಾಲಕರು ದಿನವೂ ನೋಡುತ್ತಿರುತ್ತಾರೆ. ಬಿದ್ದ ನಾಣ್ಯದಿಂದ ಸರಿಯಾದ ದರ ಎಣಿಸಿ, ಚೀಟಿಯ ಸಮೇತ ಮೇಲಿನ ಅಗಲ ಬಾಯಿಗೆ ಹಾಕಬೇಕು. ಅಲ್ಲಿಗೆ ಹೆಚ್ಚು ಹಾಕಿದರೆ ವಾಪಸು ಬರುವುದಿಲ್ಲ.

5. ಮುಂಬಾಗಿಲಿನಿಂದ ಇಳಿಯಿರಿ. ಕಾಗದದ ಟಿಕೆಟ್ ಇದ್ದರೆ ಚಾಲಕನಿಗೆ ತೋರಿಸಿ ಪೆಟ್ಟಿಗೆಗೆ ಹಾಕಿ, ವಿದೇಶಿ ಪ್ರವಾಸಿಗರ ಜೆಆರ್ ಪಾಸ್ ಇದ್ದರೆ ತೋರಿಸಿದರೆ ಸಾಕು. ಸಿಬ್ಬಂದಿ ಇರುವ ದೊಡ್ಡ ನಿಲ್ದಾಣದಲ್ಲಿ ಇಳಿಯುವಾಗ ಇದೇ ರೈಲಿನ ಎಲ್ಲ ಬಾಗಿಲೂ ತೆರೆಯುತ್ತವೆ, ಆಗ ಚೀಟಿಯನ್ನು ಗೇಟಿನ ಕಿಟಕಿಗೆ ಒಯ್ದು ಹಣ ಕೊಡಿ.

ಸೆಯಿರಿಕೆನ್ ಕಳೆದುಕೊಂಡವರಿಂದ ರೈಲು ಹೊರಟ ಮೊದಲ ನಿಲ್ದಾಣದಿಂದಲೇ ದರ ಕೇಳುವುದು ವಾಡಿಕೆ. ಬೆರಳಗಲದ ಚೀಟಿ, ಫೋನಿನ ಕವರಿನೊಳಗೆ ಸಿಕ್ಕಿಸಿಡಿ.

ಅಭ್ಯಾಸಕ್ಕೆ ತ್ಸುರುಮಿ ಮಾರ್ಗ

ಮುಜಿನ್-ಎಕಿಯ ಪರಿಚಯ ಮಾಡಿಕೊಳ್ಳಲು ಜೆಆರ್ ಈಸ್ಟ್ ರೈಲು ಕಂಪನಿಯ ತ್ಸುರುಮಿ ಮಾರ್ಗಕ್ಕಿಂತ ಅನುಕೂಲದ್ದು ಸಿಗಲಿಕ್ಕಿಲ್ಲ. ಟೋಕಿಯೊದಿಂದ ಕೇಹಿನ್-ತೊಹೊಕು ರೈಲಿನಲ್ಲಿ ತ್ಸುರುಮಿಗೆ ಬಂದರೆ ಅಲ್ಲಿಂದ ಓಗಿಮಾಚಿವರೆಗೆ ಮುಖ್ಯ ಹಳಿ 7 ಕಿ.ಮೀ. ಕವಲುಗಳೂ ಸೇರಿ ಒಟ್ಟು 13 ನಿಲ್ದಾಣ, ತ್ಸುರುಮಿ ಒಂದನ್ನು ಬಿಟ್ಟರೆ ಉಳಿದ ಹನ್ನೆರಡೂ ಮುಜಿನ್-ಎಕಿ. ಸಮುದ್ರ ತುಂಬಿಸಿ ಕಟ್ಟಿದ ಕಾರ್ಖಾನೆ ನೆಲಕ್ಕೆ 1926ರಲ್ಲಿ ಸರಕು ಸಾಗಿಸಲೆಂದು ಹಾಕಿದ ಖಾಸಗಿ ಹಳಿ ಇದು, 1943ರಲ್ಲಿ ಸರ್ಕಾರಿ ಆಯಿತು. ನಿಲ್ದಾಣಗಳ ಹೆಸರುಗಳೇ ಬಂಡವಾಳಗಾರರ ಪಟ್ಟಿ: ಸಿಮೆಂಟ್ ಉದ್ಯಮದ ಅಸಾನೊ ಸೊಯಿಚಿರೊ ಅವರಿಂದ ಅಸಾನೊ, ಬ್ಯಾಂಕು ಕಟ್ಟಿದ ಯಸುದಾ ಝೆನ್‌ಜಿರೊ ಅವರಿಂದ ಅನ್‌ಜೆನ್, ಕಾಗದದ ದೊರೆ ಓಕಾವಾ ಹೆಯಿಝಬುರೊ ಅವರಿಂದ ಓಕಾವಾ. ಬೆಳಿಗ್ಗೆ ಸಂಜೆ ಕಾರ್ಮಿಕರಿಂದ ತುಂಬುವ ಮೂರು ಬೋಗಿಯ ರೈಲು ಮಧ್ಯಾಹ್ನ ಬಹುಪಾಲು ಖಾಲಿ ಓಡುತ್ತದೆ.

ಹಳೆಯ ಬರಹ, ವಿಡಿಯೊಗಳಲ್ಲಿ ತ್ಸುರುಮಿಯೊಳಗೆ ರೈಲು ಬದಲಿಸುವಾಗ ಇನ್ನೊಂದು ಗೇಟು ದಾಟಬೇಕು ಎಂದು ಹೇಳಿರುತ್ತದೆ. ಅದನ್ನು 2022ರ ಫೆಬ್ರುವರಿ ಕೊನೆಗೆ ತೆಗೆದುಹಾಕಿದ್ದಾರೆ. ಅಂದರೆ ಈಗ ಈ ಮಾರ್ಗದಲ್ಲಿ ಇಳಿಯುವ ನಿಲ್ದಾಣದ ಕಂಬವೇ ನಿಮ್ಮ ಏಕೈಕ ಗೇಟು. ತಾಗಿಸಲು ಮರೆತರೆ ನೆನಪಿಸಲು ಮತ್ತೇನೂ ಇಲ್ಲ.

ಮೊದಲ ನಿಲ್ದಾಣ ಕೊಕುಡೊ, ತ್ಸುರುಮಿಯಿಂದ 0.9 ಕಿ.ಮೀ. 1930ರಲ್ಲಿ ತೆರೆದದ್ದು, 1971ರಿಂದ ಸಿಬ್ಬಂದಿ ಇಲ್ಲ. ಹಳಿ ಮೇಲೆ, ನಿಲ್ದಾಣದ ಬಾಯಿ ಕೆಳಗೆ ಕಾಂಕ್ರೀಟ್ ಕಮಾನುಗಳ ಅಡಿಯ ಓಣಿಯಲ್ಲಿ. ಪ್ಲಾಟ್‌ಫಾರಂ ಬಾಗಿರುವುದರಿಂದ ಬಾಗಿಲಿಗೂ ನೆಲಕ್ಕೂ ನಡುವೆ ಸಂದು ದೊಡ್ಡದು, ಕಾಲು ನೋಡಿ ಇಡಿ. ಮೆಟ್ಟಿಲಿಳಿದು ಬಂದವರ ಕಣ್ಣು ಹಗಲಲ್ಲೂ ಮಬ್ಬಾದ ಆ ಕಮಾನುಗಳತ್ತ ಹೋಗುತ್ತದೆ, ಕೈ ಕ್ಯಾಮೆರಾದತ್ತ ಹೋಗುತ್ತದೆ, ಕಾರ್ಡಿನ ಕಂಬ ಹಿಂದೆ ಉಳಿದುಬಿಡುತ್ತದೆ. ಫೋಟೊ ಆಮೇಲೆ, ಕಾರ್ಡ್ ಮೊದಲು. ಓಣಿಯ ಒಂದು ತುದಿ ರಾಷ್ಟ್ರೀಯ ಹೆದ್ದಾರಿ 15ರ ಕಡೆಗೆ. ಕೊಕುಡೊ ಎಂಬ ಪದದ ಅರ್ಥವೇ ರಾಷ್ಟ್ರೀಯ ಹೆದ್ದಾರಿ.

ಉಮಿ-ಶಿಬಾಉರಾ ನೋಡಲು ಹೋಗುವವರೇ ಹೆಚ್ಚು. 1940ರಲ್ಲಿ ತೆರೆದ ಈ ಕೊನೆ ನಿಲ್ದಾಣ ಅಸಾನೊದಿಂದ ಕವಲೊಡೆದ 1.7 ಕಿ.ಮೀ. ಹಳಿಯ ತುದಿಯಲ್ಲಿದೆ. ಪ್ಲಾಟ್‌ಫಾರಂ ಕಟಕಟೆಯಿಂದ ಬಗ್ಗಿದರೆ ಕೆಳಗೆ ಕಾಲುವೆಯ ನೀರು, ದೂರದಲ್ಲಿ ತ್ಸುರುಮಿ ತ್ಸುಬಾಸಾ ಸೇತುವೆ. ಆದರೆ ನಿಲ್ದಾಣದಿಂದ ಆಚೆ ಹೋಗುವ ಬಾಗಿಲು ತೋಷಿಬಾ ಕಾರ್ಖಾನೆಯ ಒಳಕ್ಕೆ. ನೌಕರರಿಗೆ, ಅಲ್ಲಿ ಕೆಲಸ ಇರುವವರಿಗೆ ಮಾತ್ರ ಪ್ರವೇಶ. ಉಳಿದವರಿಗೆಂದು ಕಾರ್ಖಾನೆಯವರೇ 1995ರಲ್ಲಿ ಪ್ಲಾಟ್‌ಫಾರಂ ತುದಿಗೆ ಅಂಟಿಕೊಂಡಂತೆ ಒಂದು ಪುಟ್ಟ ಉದ್ಯಾನ ಮಾಡಿಕೊಟ್ಟಿದ್ದಾರೆ. ಅಲ್ಲಿ ಹೀಗೆ ಮಾಡಿ:

ಇಳಿದು ಉದ್ಯಾನದ ಕಡೆ ನಡೆಯಿರಿ. ಶುತ್ಸುಜೋ ಕಂಬಕ್ಕೆ ಕಾರ್ಡ್ ತಾಗಿಸಿ. ಉದ್ಯಾನದಲ್ಲಿ ಕೂತು, ವಾಪಸು ರೈಲು ಹತ್ತುವ ಮುನ್ನ ನ್ಯೂಜೋ ಕಂಬಕ್ಕೆ ತಾಗಿಸಿ. ಹೊರಗೆ ಕಾಲಿಡಲೇ ಇಲ್ಲವಲ್ಲ, ತಾಗಿಸುವುದೇಕೆ ಎಂದು ಬಿಟ್ಟವರು ಹತ್ತಿದ ನಿಲ್ದಾಣಕ್ಕೇ ಮರಳಿ ಗೇಟಿಗೆ ಕಾರ್ಡ್ ಹಿಡಿದಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಹೋದದ್ದು ಒಂದು ಪ್ರಯಾಣ, ಬಂದದ್ದು ಇನ್ನೊಂದು. ಎರಡಕ್ಕೂ ದರ ಇದೆ.

ಹಗಲು ಹೊತ್ತಿನಲ್ಲಿ, ಅದರಲ್ಲೂ ರಜಾದಿನ, ಇಲ್ಲಿಂದ ಎರಡು ರೈಲುಗಳ ನಡುವೆ ಒಂದು ಗಂಟೆ ದಾಟುವುದು ಮಾಮೂಲಿ. ಬಂದ ರೈಲೇ ಸ್ವಲ್ಪ ಹೊತ್ತು ನಿಂತು ಮರಳುತ್ತದೆ. ಅದಕ್ಕೇ ಹತ್ತುತ್ತೀರೋ, ಮುಂದಿನದಕ್ಕೋ ಎಂದು ಇಳಿದ ಕೂಡಲೇ ತೀರ್ಮಾನಿಸಿ. ಸುತ್ತ ಅಂಗಡಿ ಇಲ್ಲ, ನಡೆದು ಪಾರಾಗೋಣ ಎಂದರೆ ದಾರಿಯೂ ಇಲ್ಲ. ನೀರು ತಂದಿರಬೇಕು. ಕಾರ್ಖಾನೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ. ಉದ್ಯಾನಕ್ಕೆ ರಾತ್ರಿ ಬೀಗ.

ತಪ್ಪಿ ಓಗಿಮಾಚಿ ರೈಲು ಹತ್ತಿದ್ದರೆ ಅಸಾನೊದಲ್ಲಿ ಇಳಿದು ಕವಲಿನ ಪ್ಲಾಟ್‌ಫಾರಂಗೆ ಹೋಗಿ. ಓಕಾವಾ ಕವಲಿನ ಲೆಕ್ಕ ಇನ್ನೂ ವಿಚಿತ್ರ. ನಕ್ಷೆಯ ಪ್ರಕಾರ ಅದು ಮುಸಾಶಿ-ಶಿರಾಯಿಶಿಯಿಂದ ಕವಲೊಡೆಯುತ್ತದೆ. ಆದರೆ ಅಲ್ಲಿಯ ಕವಲಿನ ಪ್ಲಾಟ್‌ಫಾರಂ 1996ರಲ್ಲಿ ತೆಗೆದ ಮೇಲೆ ಓಕಾವಾ ರೈಲು ಅಲ್ಲಿ ನಿಲ್ಲುವುದಿಲ್ಲ. ಬದಲಾಯಿಸಬೇಕಾದದ್ದು ಅದರ ಹಿಂದಿನ ಅನ್‌ಜೆನ್‌ನಲ್ಲಿ. ಓಡುವುದೂ ಬೆಳಿಗ್ಗೆ, ಸಂಜೆ ಮಾತ್ರ.

ಎಡವಟ್ಟಾದರೆ

ಇಳಿಯುವಾಗ ಕಾರ್ಡ್ ತಾಗಿಸಲು ಮರೆತಿರಿ, ಮನೆಗೆ ಹೋದ ಮೇಲೆ ನೆನಪಾಯಿತು. ಕಾರ್ಡಿನ ಪ್ರಕಾರ ನೀವಿನ್ನೂ ರೈಲಿನಲ್ಲೇ ಇದ್ದೀರಿ, ಹಾಗಾಗಿ ಮರುದಿನ ಯಾವ ಗೇಟೂ ಒಳಗೆ ಬಿಡುವುದಿಲ್ಲ. ಸಿಬ್ಬಂದಿ ಇರುವ ನಿಲ್ದಾಣದ ಕಿಟಕಿಗೆ ಹೋಗಿ, ಯಾವ ದಿನ ಎಲ್ಲಿ ಹತ್ತಿ ಎಲ್ಲಿ ಇಳಿದಿರಿ ಎಂದು ಹೇಳಿದರೆ ದರ ಕಳೆದು ದಾಖಲೆ ತೆರವು ಮಾಡುತ್ತಾರೆ. ನಿಲ್ದಾಣದ ಹೆಸರನ್ನು ಕಾಗದದ ಮೇಲೆ ಬರೆದು ತೋರಿಸಿ, ಉಚ್ಚಾರಕ್ಕಿಂತ ಬೇಗ ಕೆಲಸವಾಗುತ್ತದೆ.

ಒಳಗೆ ಹೋಗುವಾಗಲೇ ತಾಗಿಸದೆ ರೈಲು ಹತ್ತಿದ್ದರೆ ಇಳಿಯುವ ಕಡೆ ಕಿಟಕಿಗೆ ಹೋಗಿ ಹತ್ತಿದ ನಿಲ್ದಾಣ ಹೇಳಿ. ಇಳಿಯುವುದೂ ಮುಜಿನ್-ಎಕಿಯೇ ಆದರೆ ಅಲ್ಲಿ ತಾಗಿಸಿದರೂ ಯಂತ್ರ ಒಪ್ಪದು. ಇಂಟರ್‌ಕಾಮ್‌ನಲ್ಲಿ ಕೇಳಿ ಅವರು ಹೇಳಿದಂತೆ ಮಾಡಿ. ಆ ತುದಿಯಲ್ಲಿ ಇರುವವರು ದೂರದ ಕೇಂದ್ರದವರು, ಹಲವು ನಿಲ್ದಾಣಗಳನ್ನು ಕ್ಯಾಮೆರಾದಲ್ಲಿ ನೋಡಿಕೊಳ್ಳುವವರು.

ಕಾರ್ಡ್ ಪ್ರದೇಶ ದಾಟಿ ಇಳಿದಿರಾದರೆ ಚಾಲಕನಿಗೆ ಪೂರ್ತಿ ದರ ನಗದಾಗಿ ಕೊಟ್ಟು, ಕೊಟ್ಟದ್ದಕ್ಕೆ ಚೀಟಿ ಕೇಳಿ ಪಡೆಯಿರಿ. ಕಾರ್ಡಿನೊಳಗೆ ಉಳಿದ ಪ್ರವೇಶದ ದಾಖಲೆ ಅಳಿಸಲು ಆ ಕಾರ್ಡಿನ ಪ್ರದೇಶದ ಕಿಟಕಿಗೇ ಹೋಗಬೇಕು, ಆಗ ಚೀಟಿ ಇಲ್ಲದಿದ್ದರೆ ವಾದ ಮಾಡುವುದು ಕಷ್ಟ.

ಕಾಗದದ ಟಿಕೆಟ್ಟಿನಲ್ಲಿ ಬಂದವರು ಬಾಗಿಲ ಬಳಿಯ ಟಿಕೆಟ್ ಪೆಟ್ಟಿಗೆಗೆ ಅದನ್ನು ಹಾಕಿ ಹೋದರಾಯಿತು. ರೈಲು ಬಾರದಿದ್ದರೆ ಓಡುವ ಅಕ್ಷರಗಳ ಫಲಕ ನೋಡಿ: ಚಿಯೆನ್ ಎಂದರೆ ತಡ, ಉನ್‌ಕ್ಯೂ ಎಂದರೆ ರದ್ದು. ಮೊದಲನೆಯದಾದರೆ ಕಾಯಿರಿ. ಎರಡನೆಯದಾದರೆ ಹತ್ತಿರದ ಬಸ್ ನಿಲ್ದಾಣ ಹುಡುಕುವುದು ಮೇಲು, ಇಂಥ ನಿಲ್ದಾಣಗಳ ಮುಂದೆ ಟ್ಯಾಕ್ಸಿ ಕಾದು ನಿಂತಿರುವುದು ಅಪರೂಪ.

ಗಾಲಿಕುರ್ಚಿಯಲ್ಲಿ ಹೋಗುವವರಿಗೆ

ಮೇಲಿನದೆಲ್ಲ ಮೆಟ್ಟಿಲು ಹತ್ತಬಲ್ಲವರಿಗೆ. ಕೊಕುಡೊದಂಥ ಹಳೆಯ ಎತ್ತರದ ನಿಲ್ದಾಣದಲ್ಲಿ ಲಿಫ್ಟ್ ಇಲ್ಲ. ನೆಲಮಟ್ಟದ ನಿಲ್ದಾಣವಾದರೂ ರೈಲಿಗೂ ಪ್ಲಾಟ್‌ಫಾರಂಗೂ ನಡುವೆ ಹಲಗೆ ಹಾಕುವವರು ಬೇಕು, ಅವರು ಬೇರೆ ನಿಲ್ದಾಣದಿಂದ ಬರಬೇಕು. ಸಿಬ್ಬಂದಿ ತೆಗೆದುಹಾಕಿದ್ದರಿಂದ ಅಂಗವಿಕಲರಿಗೆ ಆದ ತೊಂದರೆ ಜಪಾನಿನಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಆಮೇಲೆ 2022ರ ಜುಲೈನಲ್ಲಿ ಸಾರಿಗೆ ಸಚಿವಾಲಯ ಮುಜಿನ್-ಎಕಿಗಳ ಬಳಕೆಗೆಂದೇ ಒಂದು ಮಾರ್ಗಸೂಚಿ ಹೊರಡಿಸಿತು. ಆದರೂ ಈಗಲೂ ಮಾಡಬೇಕಾದದ್ದು ಅದೇ: ಮೊದಲೇ ಫೋನ್ ಮಾಡಿ, ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ, ರೈಲಿನ ಸಮಯ, ಕುರ್ಚಿ ಕೈಯದೋ ವಿದ್ಯುತ್ತಿನದೋ ಎಂಬ ನಾಲ್ಕು ವಿವರ ಹೇಳಿ. ವಾಪಸು ಪ್ರಯಾಣದ ಸಮಯವನ್ನೂ ಅದೇ ಕರೆಯಲ್ಲಿ ಹೇಳಿಬಿಡಿ. ಹತ್ತುವಾಗ ಹಲಗೆ ಹಾಕಿದ ಸಿಬ್ಬಂದಿ ನೀವು ಯಾವ ಬೋಗಿಯ ಯಾವ ಬಾಗಿಲಲ್ಲಿದ್ದೀರಿ ಎಂದು ಇಳಿಯುವ ಕಡೆಗೆ ತಿಳಿಸಿರುತ್ತಾರೆ, ಹಾಗಾಗಿ ನಡುವೆ ಬೇರೆ ಬಾಗಿಲಿಗೆ ಸರಿಯಬೇಡಿ.